ಕುಪ್ಪಳಿಯ ಮನೆ: ಬೇಸಾಯದ ನೆಲೆಯಿಂದ ಸ್ಮಾರಕದವರೆಗೆ

ಮಲೆನಾಡಿನ ತೊಟ್ಟಿಮನೆಯನ್ನು ವಾಸ್ತುಶಿಲ್ಪದ ಮಾದರಿಯಾಗಿ ಮಾತ್ರ ನೋಡುವುದು ವಾಡಿಕೆ. ಮೂಲತಃ ಅದು ಬೇಸಾಯದ ಕೇಂದ್ರ. ಗದ್ದೆಯ ಬತ್ತ, ತೋಟದ ಅಡಕೆ, ಕೊಟ್ಟಿಗೆಯ ಗೊಬ್ಬರ ಇವೆಲ್ಲದರ ವ್ಯವಹಾರ ನಡೆಯುತ್ತಿದ್ದ ಸ್ಥಳ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ ಮನೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕುವೆಂಪು ಅವರು 1904ರ ಡಿಸೆಂಬರ್ 29ರಂದು ಜನಿಸಿದ್ದು ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ಕುಪ್ಪಳಿಯ ಅವಿಭಕ್ತ ಕುಟುಂಬದಲ್ಲಿ. ಈ ಮನೆ ಮೂರು ಅಂತಸ್ತಿನದು. ತೆರೆದ ತೊಟ್ಟಿಯ ಸುತ್ತ ಜಗಲಿ, ಮರದ ಮುಂಡಿಗೆಗಳು, ಮೇಲೆ ಉಪ್ಪರಿಗೆ, ಹೆಂಚಿನ ಮಾಡು ಇದರ ಮುಖ್ಯ ಅಂಗಗಳು. ಇಳಿಜಾರು ಮಾಡು ಮಲೆನಾಡಿನ ಮಳೆಯನ್ನು ಬೇಗ ಹರಿಯಗೊಡುತ್ತದೆ. ಮುಂಚಾಚಿದ ಸೂರು ಗೋಡೆಯನ್ನು ಕಾಯುತ್ತದೆ. ತೊಟ್ಟಿಯು ಒಳಮನೆಗೆ ಗಾಳಿ ಬೆಳಕುಗಳನ್ನು ತರುತ್ತದೆ.

ಇಂತಹ ಮನೆಗಳು ಬಾಳುವುದು ವಾಸ್ತವ್ಯದಿಂದ. ಮಳೆಗಾಲಕ್ಕೆ ಮುನ್ನ ಹೆಂಚು ಸರಿಪಡಿಸಲು, ಗೆದ್ದಲು ಕೆಡವಲು, ನೆಲ ಸಾರಿಸಲು ಕೈಗಳು ಬೇಕು. ಅವಿಭಕ್ತ ಕುಟುಂಬಗಳು ಪಾಲಾಗಿ, ವಿದ್ಯೆ ಉದ್ಯೋಗಗಳಿಗಾಗಿ ಜನ ನಗರಗಳಿಗೆ ತೆರಳಿದಂತೆ ಆ ಕೈಗಳು ಕಡಿಮೆಯಾದವು. ಗೇಣಿ ಪದ್ಧತಿಯನ್ನು ಕೊನೆಗಾಣಿಸಿದ 1974ರ ಭೂಸುಧಾರಣೆಯಿಂದ ಮಲೆನಾಡಿನ ದೊಡ್ಡ ಮನೆಗಳ ಆರ್ಥಿಕ ತಳಹದಿಯೂ ಬದಲಾಯಿತು.

1992ರಲ್ಲಿ ಸ್ಥಾಪಿತವಾದ ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಕುಪ್ಪಳಿ ಮನೆಯನ್ನು ಜೀರ್ಣೋದ್ಧಾರಗೊಳಿಸಿ ವಸ್ತುಸಂಗ್ರಹಾಲಯವಾಗಿ ಮಾರ್ಪಡಿಸಿತು. ಕವಿಯ ಬಳಕೆಯ ವಸ್ತುಗಳ ಜೊತೆಗೆ ಗೃಹಕೃತ್ಯದ ಮತ್ತು ಬೇಸಾಯದ ಪರಿಕರಗಳೂ ಅಲ್ಲಿ ಸ್ಥಾನ ಪಡೆದಿವೆ. ಹೀಗಾಗಿ ಅದು ಒಬ್ಬ ಕವಿಯ ಸ್ಮಾರಕವಾಗಿರುವಂತೆಯೇ ಒಂದು ಜೀವನಕ್ರಮದ ದಾಖಲೆಯೂ ಆಗಿದೆ.

ಆದರೆ ಈ ದಾಖಲೆಗೆ ಒಂದು ಮಿತಿಯಿದೆ. ಮರ, ಕಲ್ಲು, ಹೆಂಚುಗಳಿಂದ ಕಟ್ಟಿದ ಒಡೆಯನ ಮನೆಯನ್ನು ಮತ್ತೆ ಎತ್ತಿ ನಿಲ್ಲಿಸಬಹುದು. ಅದನ್ನು ದುಡಿದು ಸಾಕಿದ ಆಳುಗಳ ಹುಲ್ಲಿನ ಬಿಡಾರಗಳು ಕುರುಹುಳಿಸದೆ ಮಣ್ಣಾದವು. ಈ ಕೊರತೆಯನ್ನು ತುಂಬಬಲ್ಲ ಆಕರ ಕುವೆಂಪು ಸಾಹಿತ್ಯವೇ. ‘ಕಾನೂರು ಹೆಗ್ಗಡಿತಿ’ (1936) ಹಾಗೂ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಗಳಲ್ಲಿ ಹೆಗ್ಗಡೆಯ ಜಗಲಿಯಷ್ಟೇ ವಿವರವಾಗಿ ಜೀತದಾಳಿನ ಬಿಡಾರವೂ ಚಿತ್ರಿತವಾಗಿದೆ. ಆದುದರಿಂದ ಪಾರಂಪರಿಕ ಕೃಷಿಮನೆಗಳನ್ನು ಸಂರಕ್ಷಿಸುವವರು ಕಟ್ಟಡದ ನಕ್ಷೆಯೊಡನೆ ಅಲ್ಲಿ ದುಡಿದವರ ಚರಿತ್ರೆಯನ್ನೂ ಸಂಗ್ರಹಿಸಬೇಕು. ಜಗಲಿಯನ್ನು ಉಳಿಸಿಕೊಂಡು ಅಂಗಳದಲ್ಲಿ ನಿಂತವರನ್ನು ಮರೆತರೆ ಜೀರ್ಣೋದ್ಧಾರ ಅರ್ಧವಾದಂತೆಯೇ ಸರಿ.