ಕರೆಂಟ್ ಹೋದಾಗ ‘ಫೈನಲಿ’: ಒಂದು ಟಿಪ್ಪಣಿ

ಗದಗ ತಾಲೂಕಿನ ಕಳಸಾಪುರದಲ್ಲಿ 4 ಎಕರೆ 10 ಗುಂಟೆ ಹೊಲ ಇಬ್ಬರು ಅಣ್ಣತಮ್ಮಂದಿರಿಗೆ ಸಮಪಾಲಾಯಿತು ಎಂದುಕೊಳ್ಳೋಣ. ಹಳೆಯ ಉತಾರದ (ಪಹಣಿಯ) ಕ್ಷೇತ್ರ 2 ಎಕರೆ 5 ಗುಂಟೆಗೆ ಇಳಿಯಬೇಕು, ಅಷ್ಟೇ ಕ್ಷೇತ್ರಕ್ಕೆ ಹೊಸದೊಂದು ಉತಾರ ಹುಟ್ಟಬೇಕು. ಮೊದಲನೆಯ ಕೆಲಸ ಆಗಿ ಎರಡನೆಯದು ಆಗುವುದರೊಳಗೆ ಪ್ರೋಗ್ರಾಂ ಕೆಟ್ಟು ನಿಂತರೆ ಅರ್ಧ ಹೊಲ ದಾಖಲೆಯಿಂದಲೇ ಮಾಯ. (ಉದಾಹರಣೆ ಕಲ್ಪಿತ, ರಾಜ್ಯದ ‘ಭೂಮಿ’ ತಂತ್ರಾಂಶದ ಒಳರಚನೆಗೂ ಇದಕ್ಕೂ ಸಂಬಂಧವಿಲ್ಲ.)

ಇಂಥ ಹೊತ್ತಿಗೆಂದೇ ಜಾವಾ, ಪೈಥಾನ್‌ಗಳಲ್ಲಿ ‘ಫೈನಲಿ’ ಇದೆ. ‘ಟ್ರೈ’ ಭಾಗ ಸುಸೂತ್ರ ಮುಗಿಯಲಿ, ನಡುವೆ ಎಕ್ಸೆಪ್ಶನ್ (ದೋಷದ ಸೂಚನೆ) ಏಳಲಿ, ಫೈಲು ಮುಚ್ಚುವ, ಲಾಕ್ ಬಿಡಿಸುವ ಕೋಡ್ ಓಡಿಯೇ ಓಡುತ್ತದೆ ಎಂಬುದು ಅದರ ಭರವಸೆ. ಭರವಸೆ ದೊಡ್ಡದು, ಬಳಕೆ ಸುಲಭದ್ದಲ್ಲ. 2007ರಲ್ಲಿ ಜಾವಾದ ಸ್ವಂತ ಲೈಬ್ರರಿಗಳಲ್ಲೇ ‘ಕ್ಲೋಸ್’ ಬಳಕೆಯ ಮೂರರಲ್ಲಿ ಎರಡು ಪಾಲು ತಪ್ಪಾಗಿತ್ತೆಂದು ಆ ಲೈಬ್ರರಿಗಳನ್ನು ರೂಪಿಸಿದವರಲ್ಲೊಬ್ಬರಾದ ಜೋಶುವಾ ಬ್ಲಾಕ್ ಬರೆದಿದ್ದಾರೆ. ತೊಡಕು ಇರುವುದು ಇಲ್ಲಿ: ಮುಚ್ಚುವ ಕೆಲಸವೇ ಎಕ್ಸೆಪ್ಶನ್ ಎಸೆದರೆ ಮೊದಲಿನ ದೋಷ ಅದರಡಿ ಮುಚ್ಚಿಹೋಗುತ್ತದೆ, ರೋಗದ ಬದಲು ಚಿಕಿತ್ಸೆಯ ಎಡವಟ್ಟಷ್ಟೇ ವರದಿಯಾಗುತ್ತದೆ. 2011ರ ಜಾವಾ 7 ಇದಕ್ಕೆ ‘ಟ್ರೈ ವಿತ್ ರಿಸೋರ್ಸಸ್’ ತಂದಿತು. ಅಲ್ಲಿ ಮೂಲ ದೋಷವೇ ಮುಂದೆ ಹೋಗುತ್ತದೆ, ಮುಚ್ಚುವಾಗಿನ ದೋಷ ಅದಕ್ಕೆ ಲಗತ್ತಾಗುತ್ತದೆ. ಪೈಥಾನ್ 2006ರಲ್ಲೇ, 2.5ನೇ ಆವೃತ್ತಿಯಲ್ಲಿ, ಇಂಥದೇ ಕೆಲಸಕ್ಕೆ ‘ವಿತ್’ ಕೊಟ್ಟಿತ್ತು.

ಇನ್ನೊಂದು ಬಲೆ ಹೆಚ್ಚು ಕುಟಿಲವಾದದ್ದು. ‘ಫೈನಲಿ’ಯೊಳಗೆ ‘ರಿಟರ್ನ್’ ಬರೆದರೆ ಮೇಲೇಳುತ್ತಿದ್ದ ಎಕ್ಸೆಪ್ಶನ್ ಸದ್ದಿಲ್ಲದೆ ಕಳೆದುಹೋಗುತ್ತದೆ. ಎಲ್ಲವೂ ಸರಿಯಾಗಿದೆ ಎಂದೇ ಕರೆದವರು ತಿಳಿಯುತ್ತಾರೆ. 2025ರ ಪೈಥಾನ್ 3.14 ಕೊನೆಗೂ ಇದಕ್ಕೆ ಎಚ್ಚರಿಕೆ ಕೊಡತೊಡಗಿತು. ತುಸು ತಡವಾಯಿತೆಂದೇ ನನ್ನ ಅಭಿಪ್ರಾಯ.

ಇವೆಲ್ಲ ಪ್ರೋಗ್ರಾಂ ಜೀವಂತವಿರುವಾಗಿನ ಮಾತು. ಕರೆಂಟ್ ಹೋಗಿ ಯುಪಿಎಸ್ ಕೈಕೊಟ್ಟರೆ, ಆಪರೇಟಿಂಗ್ ಸಿಸ್ಟಂ ‘ಕಿಲ್ ಮೈನಸ್ ನೈನ್’ ಹೊಡೆದು ಪ್ರೋಗ್ರಾಂ ಕೊಂದರೆ ‘ಫೈನಲಿ’ ಓಡುವುದಿಲ್ಲ. ಜಾವಾದಲ್ಲಂತೂ ‘ಟ್ರೈ’ಯೊಳಗೆ ‘ಸಿಸ್ಟಂ ಡಾಟ್ ಎಕ್ಸಿಟ್’ ಕರೆದರೂ ಸಾಕು. ಹಾಗಾಗಿ ಉತಾರದ ಕ್ಷೇತ್ರ ಸರಿದೂಗಿಸುವ ಹೊಣೆಯನ್ನು ‘ಫೈನಲಿ’ಗೆ ಹೊರಿಸುವುದೇ ತಪ್ಪು. ಸಾಯುತ್ತಿರುವ ಪ್ರೋಗ್ರಾಂ ಮಾಡಲಾಗದ ಕೆಲಸವನ್ನು ಮುಂದೆ ಎದ್ದು ಬರುವ ಪ್ರೋಗ್ರಾಂ ಮಾಡಬೇಕು.

ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶ ಮಾಡುವುದು ಅದನ್ನೇ. ಅದರ ಮೂಲ ಪದ್ಧತಿಯಲ್ಲಿ, ಯಾವ ಪುಟ ತಿದ್ದುವುದಿದೆಯೋ ಅದರ ಹಳೆಯ ಪ್ರತಿ ಮೊದಲು ಪಕ್ಕದ ‘ಜರ್ನಲ್’ ಫೈಲಿಗೆ ಹೋಗುತ್ತದೆ, ಆಮೇಲಷ್ಟೇ ಮೂಲ ಫೈಲಿನ ತಿದ್ದುಪಡಿ. ಕೆಲಸ ಮುಗಿದಾಗ ಜರ್ನಲ್ ಅಳಿಸಲಾಗುತ್ತದೆ. ವ್ಯವಹಾರ (ಟ್ರಾನ್ಸಾಕ್ಷನ್) ಪಕ್ಕಾ ಆಯಿತೆಂಬುದಕ್ಕೆ ಆ ಅಳಿಸುವಿಕೆಯೇ ಗುರುತು. ನಡುವೆ ಕರೆಂಟ್ ಹೋಯಿತೆನ್ನಿ: ಮುಂದೆ ಆ ಡೇಟಾಬೇಸನ್ನು ಓದಲು ಬಂದ ಪ್ರೋಗ್ರಾಂ ಉಳಿದ ಜರ್ನಲ್ ಕಂಡು ಹಳೆಯ ಪುಟಗಳನ್ನು ಮರಳಿ ಹಾಕುತ್ತದೆ. ಕ್ಷೇತ್ರ ಇಳಿಸುವುದನ್ನೂ ಹೊಸ ಉತಾರ ಸೇರಿಸುವುದನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಕಟ್ಟಿದ್ದರೆ ಹೊಲ ಪುನಃ 4 ಎಕರೆ 10 ಗುಂಟೆ. ಬಿಡಿಬಿಡಿಯಾಗಿ ಮಾಡಿದ್ದರೆ ಜರ್ನಲ್ ಕೂಡ ಕಾಯಲಾರದು. ಬರೆಯದೆಯೇ ‘ಬರೆದೆ’ ಎನ್ನುವ ಡಿಸ್ಕ್ ಸಿಕ್ಕರೂ ಅಷ್ಟೇ: ಆಗ ಡೇಟಾಬೇಸ್ ಕೆಡಬಹುದೆಂದು ಎಸ್‌ಕ್ಯೂಲೈಟ್‌ನ ಕೈಪಿಡಿಯೇ ಒಪ್ಪಿಕೊಳ್ಳುತ್ತದೆ.