‘ಇಲಿಗಳಲ್ಲಿ ಸಾಬೀತಾಗಿದೆ’ ಎಂದರೇನು? ಇಲಿಯ ಆತಂಕವನ್ನು ಅಳೆಯುವ ಬಗೆ

‘ಈ ಕಷಾಯ ಆತಂಕವನ್ನು ಬೇರುಸಹಿತ ಕೀಳುತ್ತದೆ, ಇಲಿಗಳ ಮೇಲೆ ಸಾಬೀತಾಗಿದೆ!’ ಬೈಲಹೊಂಗಲವಿರಲಿ, ಕಿತ್ತೂರು, ಸವದತ್ತಿ, ರಾಮದುರ್ಗವಿರಲಿ, ಈ ಬಗೆಯ ಸಂದೇಶ ಮುಟ್ಟದ ವಾಟ್ಸಾಪ್ ಗುಂಪು ಸಿಗುವುದು ಕಷ್ಟ. ಆದರೆ ಇಲಿಗೆ ಆತಂಕವಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅದೇನು ಬಾಯಿ ಬಿಟ್ಟು ಹೇಳುತ್ತದೆಯೇ?

ಜೋಳದ ಚೀಲ ಇಟ್ಟ ಕೋಣೆಯಲ್ಲಿ ರಾತ್ರಿ ಥಟ್ಟನೆ ದೀಪ ಹಾಕಿ ನೋಡಿ. ಇಲಿ ಕೋಣೆಯ ನಡುವೆ ಓಡುವುದು ಕಡಿಮೆ, ಗೋಡೆಯ ಅಂಚು ಹಿಡಿದೇ ಓಡುತ್ತದೆ. ಬಯಲಲ್ಲಿ ನಿಂತರೆ ಬೆಕ್ಕು, ಗೂಬೆಗಳ ಬಾಯಿಗೆ ತುತ್ತು. ಹಾಗಂತ ಹೊಸ ಜಾಗವನ್ನು ಮೂಸಿ ನೋಡದೆ ಇರಲೂ ಅದಕ್ಕಾಗದು. ಈ ಭಯ ಮತ್ತು ಕುತೂಹಲದ ಜಗ್ಗಾಟವನ್ನೇ ಪ್ರಯೋಗಾಲಯದಲ್ಲಿ ಅಳೆಯುತ್ತಾರೆ.

ಇದಕ್ಕೆ ಬಹಳವಾಗಿ ಬಳಸುವ ಸಾಧನ ‘ಎಲಿವೇಟೆಡ್ ಪ್ಲಸ್ ಮೇಜ್’. ನೆಲದಿಂದ ಸುಮಾರು ಅರ್ಧ ಮೀಟರ್ ಎತ್ತರದಲ್ಲಿ, ಕೂಡಿಸುವ ಚಿಹ್ನೆಯ ಆಕಾರದಲ್ಲಿ ಜೋಡಿಸಿದ ಹಲಗೆಗಳು. ಎರಡು ತೋಳುಗಳಿಗೆ ಗೋಡೆಯಿದೆ, ಇನ್ನೆರಡಕ್ಕೆ ಇಲ್ಲ. ಇಲಿಯನ್ನು ನಡುವೆ ಬಿಟ್ಟು ಸಾಮಾನ್ಯವಾಗಿ 5 ನಿಮಿಷ ಚಿತ್ರೀಕರಿಸುತ್ತಾರೆ. ಗೋಡೆಯಿಲ್ಲದ ಕಡೆ ಎಷ್ಟು ಸಲ ಹೋಯಿತು, ಎಷ್ಟು ಸೆಕೆಂಡ್ ಇತ್ತು? ಮುಖ್ಯ ಲೆಕ್ಕ ಇಷ್ಟೇ. 1985ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ, ಮನುಷ್ಯರ ಆತಂಕಕ್ಕೆ ಕೊಡುವ ಡಯಜೆಪಾಮ್ ಈ ಹೊತ್ತನ್ನು ಹೆಚ್ಚಿಸಿತು, ಕಾಫಿಯಲ್ಲಿರುವ ಕೆಫೀನ್ ಕಡಿಮೆ ಮಾಡಿತು. ಹಾಗಾಗಿ ವಿಧಾನದ ಮೇಲೆ ನಂಬಿಕೆ ಬೆಳೆಯಿತು. ಆದರೂ ಎಚ್ಚರದ ಸಂಶೋಧಕರು ‘ಆತಂಕ’ ಎಂದು ಬರೆಯುವುದಿಲ್ಲ, ‘ಆತಂಕದಂಥ ವರ್ತನೆ’ ಎನ್ನುತ್ತಾರೆ. ಫಾರ್ವರ್ಡ್ ಮಾಡುವವರ ಕೈಯಲ್ಲಿ ಮೊದಲು ಉದುರಿಹೋಗುವುದೇ ಆ ‘ಅಂಥ’!

ನಮ್ಮ ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಯಲ್ಲಿ ಸುಮಂತ್ರ ಚಟರ್ಜಿ ಅವರ ತಂಡ ಇದೇ ಸಾಧನ ಬಳಸಿದೆ. 1985ರ ಪರೀಕ್ಷೆಗಳಂತೆ ಅವರು ಬಳಸಿದ್ದೂ ಚಿಕ್ಕ ಜಾತಿಯ ಇಲಿಯನ್ನಲ್ಲ, ಗಾತ್ರದಲ್ಲಿ ದೊಡ್ಡದಾದ ಜಾತಿಯ ಇಲಿಯನ್ನು. ಕನ್ನಡದಲ್ಲಿ ನಾವು ಎರಡನ್ನೂ ಇಲಿ ಎಂದೇ ಕರೆಯುತ್ತೇವೆ. 2005ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಇಲಿಯನ್ನು ಒಂದೇ ಒಂದು ಸಲ, 2 ಗಂಟೆ ಅಲುಗಾಡದಂತೆ ಹಿಡಿದಿಟ್ಟರು. ಭಯದ ಕೇಂದ್ರವಾದ ಅಮಿಗ್ಡಲದ ನರಕೋಶಗಳಲ್ಲಿ ಮರುದಿನ ಬದಲಾವಣೆ ಕಾಣಲಿಲ್ಲ. 10 ದಿನ ಕಳೆದ ಮೇಲೆ ಅಲ್ಲಿ ಹೊಸ ಸಂಪರ್ಕಗಳು ಮೂಡಿದ್ದವು, ಆತಂಕದಂಥ ವರ್ತನೆಯೂ ಹೆಚ್ಚಿತ್ತು. ಅಂದರೆ ಯಾವ ದಿನ ಅಳೆದರು ಎಂಬುದರ ಮೇಲೂ ಉತ್ತರ ನಿಂತಿದೆ.

ಮೋಸಹೋಗುವ ದಾರಿಗಳೂ ಇವೆ. ಮದ್ದು ಇಲಿಯನ್ನು ಸುಮ್ಮನೆ ಹೆಚ್ಚು ಓಡಾಡುವಂತೆ ಮಾಡಿದರೂ ಅದು ಬಯಲು ತೋಳಿಗೆ ಹೋಗುತ್ತದೆ, ಮಂಪರು ತಂದರೆ ಇದ್ದಲ್ಲೇ ಕೂರುತ್ತದೆ. ಅದಕ್ಕೇ ಒಟ್ಟು ಓಡಾಟವನ್ನೂ ಎಣಿಸಬೇಕು. ಇನ್ನೊಂದು ತಮಾಷೆ: ಗಂಡಸರ ಮೈವಾಸನೆಯೇ ಇಲಿಗಳಿಗೆ ಒತ್ತಡ ತರುತ್ತದೆ ಎಂದು ಕೆನಡಾದ ಸಂಶೋಧಕರು 2014ರಲ್ಲಿ ತೋರಿಸಿದರು. ಪರೀಕ್ಷೆ ಮಾಡಿದವರು ಯಾರು ಎಂಬುದೂ ಲೆಕ್ಕಕ್ಕೆ ಬರುತ್ತದೆ!

ಹೀಗಾಗಿ ‘ಇಲಿಗಳಲ್ಲಿ ಆತಂಕ ಗುಣವಾಯಿತು’ ಎಂಬ ಸಾಲನ್ನು ‘ಗೋಡೆಯಿಲ್ಲದ ಹಲಗೆಯ ಮೇಲೆ ಇನ್ನಷ್ಟು ಹೊತ್ತು ಇದ್ದವು’ ಎಂದು ಓದಿಕೊಳ್ಳಿ. ಅದನ್ನು ನಂಬಿ, ವೈದ್ಯರು ಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಡಯಜೆಪಾಮ್ ಬಗೆಯ ಔಷಧಿಗಳನ್ನು ಬಹುಕಾಲ ತೆಗೆದುಕೊಂಡು ಒಮ್ಮೆಲೇ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಆತಂಕ ಕಾಡುತ್ತಿದ್ದರೆ ಈ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಅಲ್ಲಿಗೆ ಹೋಗಲಾಗದಿದ್ದರೆ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.