ಗುಜರಿಗೆ ಹೊರಟಿದ್ದ ಚಾಕೊಲೇಟ್ ಚರಿತ್ರೆ

ಜರ್ಮನಿಯ ಕಲೋನ್ ನಗರದಲ್ಲಿ, ರೈನ್ ನದಿಯ ಅಂಚಿಗೇ ಇರುವ ಚಾಕೊಲೇಟ್ ವಸ್ತುಸಂಗ್ರಹಾಲಯದಲ್ಲಿ ಒಂದು ಕಾರಂಜಿ ಇದೆ. ಎತ್ತರ ಮೂರು ಮೀಟರ್. ಹರಿಯುವುದು ಬೆಚ್ಚಗಿನ ಚಾಕೊಲೇಟ್. ಸಿಬ್ಬಂದಿ ಅದರಲ್ಲಿ ವೇಫರ್ ಅದ್ದಿ ಬಂದವರ ಕೈಗಿಡುತ್ತಾರೆ. ಮಕ್ಕಳನ್ನು ಅಲ್ಲಿಂದ ಕದಲಿಸುವುದು ಕಷ್ಟ.

ಆದರೆ ಈ ಮನೆಯ ನಿಜವಾದ ಆಸ್ತಿ ಅಲ್ಲಿನ ಹಳೆಯ ಯಂತ್ರಗಳು, ಡಬ್ಬಿಗಳು, ಅಚ್ಚುಗಳು.

ಅವುಗಳ ಕಥೆ ಹಳೆಯದು. 1839ರಲ್ಲಿ ಫ್ರಾಂಟ್ಸ್ ಸ್ಟೋಲ್‌ವೆರ್ಕ್ ಇದೇ ಊರಿನಲ್ಲಿ ಬೇಕರಿ ತೆರೆದ. ಅವನಿಗೆ ಹೆಸರು ತಂದದ್ದು ಕೆಮ್ಮಿನ ಮಿಠಾಯಿ. ಔಷಧ ಮಾರುವವರು ಅದಕ್ಕೆ ತಕರಾರು ತೆಗೆದರು. ಚಾಕೊಲೇಟನ್ನು ದೊಡ್ಡ ಉದ್ಯಮವಾಗಿ ಬೆಳೆಸಿದವರು ಅವನ ಮಕ್ಕಳು. ಅವರಲ್ಲಿ ಲುಡ್ವಿಗ್‌ನ ತಲೆ ಬಹಳ ಚುರುಕು. 1887ರಲ್ಲಿ ಕಾಸು ಹಾಕಿದರೆ ಚಾಕೊಲೇಟ್ ಕೊಡುವ ಪೆಟ್ಟಿಗೆಗಳು ಬೀದಿಗೆ ಬಂದವು. 1896ರಲ್ಲಿ ಲುಮಿಯೇರ್ ಸಹೋದರರ ಚಲನಚಿತ್ರವನ್ನು ಜರ್ಮನಿಗೆ ತಂದವನೂ ಅವನೇ. 1903ರಲ್ಲಿ ಸ್ಟೋಲ್‌ವೆರ್ಕ್ ಕಂಪನಿ ಮಕ್ಕಳಿಗಾಗಿ ಪುಟ್ಟ ಫೋನೋಗ್ರಾಫ್ ಮಾಡಿತು. ಅದರ ತಟ್ಟೆಗಳು ಚಾಕೊಲೇಟಿನವು: ಹಾಡು ಕೇಳಿ ಮುಗಿದ ಮೇಲೆ ತಿಂದುಬಿಡಬಹುದಿತ್ತು!

ಇಷ್ಟೆಲ್ಲ ಕಂಡ ಸಂಸ್ಥೆ ಮುಂದೆ ಸೊರಗಿತು. 1972ರಲ್ಲಿ ಅದನ್ನು ಕೈಗೆತ್ತಿಕೊಂಡವನು ಹಾನ್ಸ್ ಇಮ್‌ಹೋಫ್, ಕಲೋನ್‌ನಲ್ಲೇ ಹುಟ್ಟಿದವನು. ಕಾರ್ಖಾನೆಯನ್ನು ಹಳೆಯ ಜಾಗದಿಂದ ಊರಂಚಿಗೆ ಸಾಗಿಸುವಾಗ, ಕಸವೆಂದು ಎಸೆಯಲು ಇಟ್ಟಿದ್ದ ರಾಶಿ ಅವನ ಕಣ್ಣಿಗೆ ಬಿತ್ತು. ಅದರಲ್ಲಿ ಒಂದು ಶತಮಾನದ ಕಸುಬೇ ಇತ್ತು. ಅವನು ಅದನ್ನು ಎತ್ತಿಡಿಸಿದ. ಮಾಲೀಕನೊಬ್ಬ ಹಳೆಯ ಕಬ್ಬಿಣದಲ್ಲಿ ದುಡಿದವರ ಬೆವರನ್ನು ಗುರುತಿಸುವುದು ಅಪರೂಪ; ಅದಕ್ಕಾಗಿ ಇಮ್‌ಹೋಫ್‌ನನ್ನು ಮೆಚ್ಚಲೇಬೇಕು. 1993ರ ಅಕ್ಟೋಬರ್ 31ರಂದು ವಸ್ತುಸಂಗ್ರಹಾಲಯ ಬಾಗಿಲು ತೆರೆಯಿತು.

ಒಳಗೊಂದು ಗಾಜಿನ ಮನೆ, ಅಲ್ಲಿ ಉಷ್ಣವಲಯದ ಸೆಕೆ, ಕೋಕೋ ಗಿಡಗಳು. ಕಾಂಡಕ್ಕೇ ಅಂಟಿಕೊಂಡು ಬಿಡುವ ಕಾಯಿ ಪುತ್ತೂರಿನ ಅಡಿಕೆ ತೋಟದವರಿಗೆ ಹೊಸದಲ್ಲ. ಅಲ್ಲಿ ಕ್ಯಾಂಪ್ಕೊ ಕಾರ್ಖಾನೆ 1986ರಿಂದ ಚಾಕೊಲೇಟ್ ತಯಾರಿಸುತ್ತಿದೆ. ಚಳಿನಾಡಿನ ಮಗುವಿಗೆ ಮಾತ್ರ ಆ ಕಾಯಿಗೂ ತನ್ನ ಕೈಯ ಸಿಹಿಗೂ ಇರುವ ನಂಟು ಕಣ್ಣಾರೆ ಕಾಣುವುದು ಈ ಗಾಜಿನ ಮನೆಯಲ್ಲಿಯೇ.

2002ರಲ್ಲಿ ಸ್ಟೋಲ್‌ವೆರ್ಕ್ ಕಂಪನಿ ಬ್ಯಾರಿ ಕ್ಯಾಲೆಬೋ ಸಂಸ್ಥೆಯ ಪಾಲಾಯಿತು, ಕೆಲವೇ ವರ್ಷಗಳಲ್ಲಿ ಕಲೋನ್‌ನ ಕಾರ್ಖಾನೆಯೂ ಮುಚ್ಚಿತು. ಇಮ್‌ಹೋಫ್ 2007ರಲ್ಲಿ ತೀರಿಕೊಂಡ. ಅವನು ಕಸದಿಂದ ಎತ್ತಿಡಿಸಿದ ಸಾಮಾನು ಇಂದಿಗೂ ರೈನ್ ದಂಡೆಯಲ್ಲಿದೆ.